ಗ್ರಹಣ ಕಳೆದು ತಿಂಗಳಾಗಿಲ್ಲ, ಖರ್ಗೆಯವರಿಗೆ ಪೇಸ್‌ಮೇಕರ್: ನಾಯಕರ ಆಯುಷ್ಯದ ಲೆಕ್ಕ ಇಡುವ ನಾವು

2025ರ ಅಕ್ಟೋಬರ್ 1. ಕುದ್ರೋಳಿಯಲ್ಲಿ ದಸರಾ ಮುಗಿಯುವ ಹೊತ್ತು. ಮಂಗಳೂರಿನ ಬೀದಿಗಳಲ್ಲಿ ಹುಲಿವೇಷದ ತಾಸೆಯ ಸದ್ದು. ಅದೇ ದಿನ ಬೆಂಗಳೂರಿನಿಂದ ಒಂದು ಸುದ್ದಿ ಬಂತು. ಕಾಂಗ್ರೆಸ್ ಅಧ್ಯಕ್ಷ ಮಲ್ಲಿಕಾರ್ಜುನ ಖರ್ಗೆ ಆಸ್ಪತ್ರೆಯಲ್ಲಿದ್ದಾರೆ, ಪೇಸ್‌ಮೇಕರ್ ಅಳವಡಿಸಬೇಕು ಎಂದು ವೈದ್ಯರು ಹೇಳಿದ್ದಾರೆ. ಅವರಿಗೆ ಆಗ 83 ವರ್ಷ. ಆರೋಗ್ಯ ಸ್ಥಿರವಾಗಿದೆ ಎಂದು ಮಗ ಪ್ರಿಯಾಂಕ್ ಖರ್ಗೆ ಆಗಲೇ ತಿಳಿಸಿದ್ದರು.

ಸುದ್ದಿ ಇಷ್ಟೇ. ಆದರೆ ನಮ್ಮ ಕಡೆ ಹೋಟೆಲಿನಲ್ಲಿ ಗೋಳಿಬಜೆ ತಟ್ಟೆ ಮುಂದಿಟ್ಟುಕೊಂಡು ಕೂತವರಿಗೆ ಇಷ್ಟು ಸಾಕಾಗುವುದಿಲ್ಲ.

"ಗ್ರಹಣ ಆಗಿ ತಿಂಗಳು ಆಗ್ಲಿಲ್ಲ ನೋಡಿ ಮಾರಾಯ್ರೆ. ದೊಡ್ಡವರಿಗೆ ಒಂದು ಕಂಟಕ ಉಂಟು ಅಂತ ಆಗ್ಲೇ ಹೇಳಿದ್ರು."

"ಯಾರು ಹೇಳಿದ್ದು?"

"ಟೀವಿಯಲ್ಲಿ."

ಗ್ರಹಣ ಆಗಿದ್ದು ನಿಜ. ಸೆಪ್ಟೆಂಬರ್ 7ರ ರಾತ್ರಿ ದೇಶದಲ್ಲೆಲ್ಲ ಕಾಣಬಹುದಾದ ಪೂರ್ಣ ಚಂದ್ರಗ್ರಹಣ ಇತ್ತು. ಟೀವಿಯಲ್ಲಿ ಹೇಳಿದ್ದೂ ನಿಜವೇ ಇರಬಹುದು. ಯಾವ ಗ್ರಹಣಕ್ಕೆ ತಾನೇ ಟೀವಿಯವರು ರಾಜರಿಗೆ ಕಂಟಕ ಇಲ್ಲ ಎಂದು ಹೇಳಿದ್ದಾರೆ?

ದೇಹದ ವಿಷಯ ಮೊದಲು ನೋಡೋಣ, ಗ್ರಹಗಳ ವಿಷಯ ಆಮೇಲೆ. ಹೃದಯಕ್ಕೆ ತಾಳ ಹಾಕಿಕೊಡುವ ಒಂದು ಜಾಗ ಹೃದಯದಲ್ಲೇ ಉಂಟು. ಅಲ್ಲಿಂದ ಹೊರಡುವ ಸಣ್ಣ ವಿದ್ಯುತ್ ಸಂಕೇತಕ್ಕೆ ಹೃದಯ ಬಡಿಯುತ್ತದೆ. ವಯಸ್ಸಾದಂತೆ ಈ ಜಾಗವೋ, ಸಂಕೇತ ಸಾಗುವ ದಾರಿಯೋ ಸವೆಯುತ್ತದೆ. ನಾಡಿ ನಿಧಾನವಾಗುತ್ತದೆ. ಆಗ ತಲೆ ತಿರುಗುವುದು, ಸುಸ್ತು, ಕೆಲವೊಮ್ಮೆ ಎಚ್ಚರ ತಪ್ಪುವುದು. ಪೇಸ್‌ಮೇಕರ್ ಅಂದರೆ ಕೊರಳೆಲುಬಿನ (ಕಾಲರ್ ಬೋನ್) ಕೆಳಗೆ ಚರ್ಮದಡಿ ಕೂರಿಸುವ ಒಂದು ಪುಟ್ಟ ಯಂತ್ರ. ಅದರ ತಂತಿ ರಕ್ತನಾಳದ ಮೂಲಕ ಹೃದಯಕ್ಕೆ ಇಳಿಯುತ್ತದೆ. ಎದೆ ಸೀಳುವ ಆಪರೇಷನ್ ಅಲ್ಲ. ಸಾಮಾನ್ಯವಾಗಿ ಆ ಭಾಗಕ್ಕಷ್ಟೇ ಮರಗಟ್ಟುವ ಮದ್ದು ಕೊಟ್ಟು ಮಾಡುತ್ತಾರೆ. ಹೆಚ್ಚಿನವರು ಒಂದೆರಡು ದಿನದಲ್ಲಿ ಮನೆಗೆ ಹೋಗುತ್ತಾರೆ. ಮಂಗಳೂರು, ಮಣಿಪಾಲದ ಆಸ್ಪತ್ರೆಗಳಲ್ಲಿ ಇದು ಮಾಮೂಲಿ ಕೆಲಸ. ನಿಮ್ಮ ಕುಟುಂಬದಲ್ಲೇ ಯಾರಿಗಾದರೂ ಹಾಕಿರಬಹುದು. ಅವರ ವಿಷಯದಲ್ಲಿ ಯಾರೂ ಗ್ರಹಣದ ಮಾತು ಎತ್ತಿರಲಿಕ್ಕಿಲ್ಲ. ಹಾಗಾದ್ರೆ ನಾಯಕರ ವಿಷಯದಲ್ಲಿ ಮಾತ್ರ ಯಾಕೆ?

ಖರ್ಗೆಯವರ ಆರೋಗ್ಯ ಇದಕ್ಕೂ ಒಂದು ವರ್ಷ ಮೊದಲು ದೊಡ್ಡ ಸುದ್ದಿಯಾಗಿತ್ತು. 2024ರ ಸೆಪ್ಟೆಂಬರ್ 29ರಂದು ಜಮ್ಮುವಿನ ಕಠುವಾ ಜಿಲ್ಲೆಯ ಜಸ್ರೋಟಾದಲ್ಲಿ ಚುನಾವಣಾ ಭಾಷಣ ಮಾಡುವಾಗ ಅವರಿಗೆ ತಲೆ ಸುತ್ತಿತು. ಪಕ್ಕದವರು ಹಿಡಿದುಕೊಂಡರು, ನೀರು ಕೊಟ್ಟರು. ಸುಧಾರಿಸಿಕೊಂಡು ಮತ್ತೆ ಮೈಕ್ ಹಿಡಿದ ಅವರು, ನನಗೆ 83 ಆಯಿತು, ಇಷ್ಟು ಬೇಗ ಸಾಯುವುದಿಲ್ಲ, ಮೋದಿಯವರನ್ನು ಅಧಿಕಾರದಿಂದ ಇಳಿಸುವವರೆಗೆ ಬದುಕಿರುತ್ತೇನೆ ಎಂಬರ್ಥದ ಮಾತು ಹೇಳಿದರು. ಪ್ರಧಾನಿ ಮೋದಿ ಫೋನ್ ಮಾಡಿ ಆರೋಗ್ಯ ವಿಚಾರಿಸಿದರು. ಅಮಿತ್ ಶಾ ಆ ಮಾತನ್ನು ಟೀಕಿಸಿದರು, 2047ರ ವಿಕಸಿತ ಭಾರತ ನೋಡುವವರೆಗೆ ಖರ್ಗೆ ಬದುಕಲಿ ಎಂದೂ ಹಾರೈಸಿದರು. ತಲೆ ಸುತ್ತಿದ ಒಂದು ಗಳಿಗೆ ಒಂದೇ ದಿನದಲ್ಲಿ ಆಯುಷ್ಯದ ರಾಜಕೀಯವಾಯಿತು.

ನಮ್ಮ ಮನೆಗಳಲ್ಲಿ ಹಿರಿಯರು ಸಾವಿನ ಮಾತು ಎತ್ತಿದರೆ ಸಾಕು, ಹೆಂಗಸರು "ಬಿಡ್ತು ಅನ್ನಿ" ಅನ್ನುತ್ತಾರೆ. ತಥಾಸ್ತು ದೇವತೆಗಳು ಅಲ್ಲೇ ಎಲ್ಲೋ ಇರ್ತಾರೆ, ಆಡಿದ ಮಾತು ಫಲಿಸುತ್ತದೆ ಎಂಬ ಭಯ. ಖರ್ಗೆ ಆ ಭಯ ಇಟ್ಟುಕೊಳ್ಳಲಿಲ್ಲ. ಸಾವಿನ ಹೆಸರು ಹೇಳಿಯೇ ಮಾತಾಡಿದರು. ನನಗಂತೂ ಅದು ಇಷ್ಟವಾಯಿತು, ರಾಜಕೀಯ ಏನೇ ಇರಲಿ.

ಶಾಪ, ಒಂದು ಪ್ರೆಟ್ಜೆಲ್, ಮತ್ತು ಸೊನ್ನೆಯ ವರ್ಷಗಳು

ಇದು ನಮ್ಮ ದೇಶದ ಕಾಯಿಲೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಮೂಢನಂಬಿಕೆ ಉಂಟು.

ಸೊನ್ನೆಯಲ್ಲಿ ಕೊನೆಯಾಗುವ ವರ್ಷದಲ್ಲಿ, ಇಪ್ಪತ್ತು ವರ್ಷಕ್ಕೊಮ್ಮೆ, ಆಯ್ಕೆಯಾದ ಅಧ್ಯಕ್ಷರು ಅಧಿಕಾರದಲ್ಲೇ ಸಾಯುತ್ತಾರೆ ಎಂಬುದು ಕಥೆ. 1840ರಲ್ಲಿ ಗೆದ್ದ ವಿಲಿಯಂ ಹೆನ್ರಿ ಹ್ಯಾರಿಸನ್ ಅಧಿಕಾರ ಹಿಡಿದು ಒಂದು ತಿಂಗಳಿಗೆ ತೀರಿಕೊಂಡರು. 1860ರ ಲಿಂಕನ್, 1880ರ ಗಾರ್ಫೀಲ್ಡ್, 1900ರ ಮೆಕಿನ್ಲಿ, 1920ರ ಹಾರ್ಡಿಂಗ್, 1940ರ ರೂಸ್‌ವೆಲ್ಟ್, 1960ರ ಕೆನಡಿ. ಸಾಲಾಗಿ ಏಳು ಜನ. ಹ್ಯಾರಿಸನ್ ಸೇನಾನಾಯಕನಾಗಿದ್ದಾಗ 1811ರಲ್ಲಿ ಶಾನೀ ಬುಡಕಟ್ಟಿನವರನ್ನು ಸೋಲಿಸಿದ್ದರು, ಅವರ ನಾಯಕ ಟೆಕುಮ್ಸೆ ಕೊಟ್ಟ ಶಾಪ ಇದು ಎನ್ನುತ್ತಾರೆ. ಆ ಕಾಲದ ದಾಖಲೆಗಳಲ್ಲಿ ಶಾಪದ ಸುಳಿವಿಲ್ಲ. ಕಥೆ ಚಲಾವಣೆಗೆ ಬಂದಿದ್ದು ನೂರಕ್ಕೂ ಜಾಸ್ತಿ ವರ್ಷ ಕಳೆದು, 1930ರ ದಶಕದಲ್ಲಿ. ಅಷ್ಟರಲ್ಲಿ ಐದು ಸಾವು ಆಗಿಹೋಗಿತ್ತು.

ಈ ಹಿನ್ನೆಲೆಯಲ್ಲಿ 2002ರ ಜನವರಿ 13ರ ಭಾನುವಾರ ನೋಡಿ. 2000ದಲ್ಲಿ ಗೆದ್ದ ಜಾರ್ಜ್ ಬುಷ್ ಶ್ವೇತಭವನದ ಕೋಣೆಯಲ್ಲಿ ಟೀವಿಯಲ್ಲಿ ಫುಟ್‌ಬಾಲ್ ನೋಡುತ್ತಿದ್ದರು. ಜೊತೆಗೆ ಎರಡು ನಾಯಿ. ತಿನ್ನುತ್ತಿದ್ದ ಪ್ರೆಟ್ಜೆಲ್ (ಗೋಧಿ ಹಿಟ್ಟಿನ ಉಪ್ಪುಪ್ಪು ಗರಿಗರಿ ತಿಂಡಿ) ಗಂಟಲಲ್ಲಿ ಸರಿಯಾಗಿ ಇಳಿಯಲಿಲ್ಲ. ಎಚ್ಚರ ತಪ್ಪಿ ಸೋಫಾದಿಂದ ಬಿದ್ದರು. ಕೆಲವೇ ಸೆಕೆಂಡು. ಕೆನ್ನೆ ತರಚಿತು. ಮರುದಿನ ಆ ತರಚು ಗಾಯದಲ್ಲೇ ಕ್ಯಾಮೆರಾ ಮುಂದೆ ಬಂದು, ಅಗಿದು ನುಂಗು ಅಂತ ಅಮ್ಮ ಹೇಳಿದ್ದನ್ನು ಕೇಳಬೇಕಿತ್ತು ಎಂದು ತಮಾಷೆ ಮಾಡಿದರು.

ಆಗಿದ್ದು ಏನು? ಮಿದುಳಿನಿಂದ ಗಂಟಲು, ಎದೆ, ಹೊಟ್ಟೆಯವರೆಗೆ ಇಳಿಯುವ ಒಂದು ಉದ್ದದ ನರ ಉಂಟು, ವೇಗಸ್ ನರ. ಅದು ಕೆರಳಿದರೆ ಹೃದಯದ ಬಡಿತ ತಟ್ಟನೆ ಇಳಿಯುತ್ತದೆ, ರಕ್ತದೊತ್ತಡ ಬೀಳುತ್ತದೆ, ತಲೆಗೆ ರಕ್ತ ಸಾಲದೆ ಎಚ್ಚರ ತಪ್ಪುತ್ತದೆ. ಮಲಗಿಸಿದ ಕೂಡಲೇ ರಕ್ತ ತಲೆಗೆ ಹೋಗಿ ಎಚ್ಚರ ಬರುತ್ತದೆ. ಬುಷ್ ದಿನಾ ಓಡುವವರು, ಅವರ ನಾಡಿ ಮೊದಲೇ ನಿಧಾನ. ಶಾಲೆಯ ಅಸೆಂಬ್ಲಿಯಲ್ಲಿ ಬಿಸಿಲಿಗೆ ನಿಂತು ದೊಪ್ಪನೆ ಬೀಳುವ ಮಕ್ಕಳಿಗೂ, ರಕ್ತ ತೆಗೆಯುವ ಸೂಜಿ ನೋಡಿ ಕಣ್ಣು ಕತ್ತಲೆ ಬರುವವರಿಗೂ ಆಗುವುದು ಹೆಚ್ಚುಕಡಿಮೆ ಇದೇ.

ಆದರೆ ಸೊನ್ನೆಯ ವರ್ಷದ ಲೆಕ್ಕ ಇಟ್ಟವರಿಗೆ ಆ ವಾರ ಹಬ್ಬ. ಅದಕ್ಕೂ ನಾಲ್ಕು ತಿಂಗಳ ಹಿಂದಷ್ಟೇ ನ್ಯೂಯಾರ್ಕಿನ ಅವಳಿ ಗೋಪುರ ಬಿದ್ದಿತ್ತು, ಜನರಿಗೆ ಏನನ್ನೂ ನಂಬುವ ಭಯ ಇತ್ತು. ಬುಷ್ ಎಂಟು ವರ್ಷ ಪೂರ್ತಿ ಮಾಡಿ ಮನೆಗೆ ಹೋದರು.

ಶಾಪದ ಪಟ್ಟಿ ಮಾಡುವವರು ಬಿಟ್ಟುಬಿಡುವ ಹೆಸರುಗಳನ್ನು ಗಮನಿಸಬೇಕು. 1800ರಲ್ಲಿ ಗೆದ್ದ ಜೆಫರ್ಸನ್, 1820ರ ಮನ್ರೋ ಆರಾಮಾಗಿ ಅವಧಿ ಮುಗಿಸಿದರು. ಪಟ್ಟಿ 1840ರಿಂದಲೇ ಶುರುವಾಗಬೇಕು, ಯಾಕೆಂದರೆ ಸಾವು ಅಲ್ಲಿಂದ ಶುರು. ಜಕಾರಿ ಟೇಲರ್ 1850ರಲ್ಲಿ ಅಧಿಕಾರದಲ್ಲೇ ಸತ್ತರು, ಆದರೆ ಗೆದ್ದಿದ್ದು 1848ರಲ್ಲಿ. ಅವರಿಗೆ ಪಟ್ಟಿಯಲ್ಲಿ ಜಾಗ ಇಲ್ಲ. 1980ರ ರೇಗನ್ 1981ರ ಮಾರ್ಚ್ 30ರಂದು ಗುಂಡೇಟು ತಿಂದರೂ ಬದುಕಿದರು. 2020ರ ಬೈಡನ್ 2025ರ ಜನವರಿಯಲ್ಲಿ ಅಧಿಕಾರ ಬಿಟ್ಟರು. ಸತತ ಮೂರು ಬಾರಿ ಶಾಪ ಸುಳ್ಳಾಯಿತು. ಇನ್ನು ಸತ್ತ ಏಳು ಜನರಲ್ಲಿ ನಾಲ್ವರು ಗುಂಡಿಗೆ ಬಲಿ. ಅದರಲ್ಲೂ ಗಾರ್ಫೀಲ್ಡ್ ಗುಂಡೇಟು ತಿಂದು ಎರಡೂವರೆ ತಿಂಗಳು ಬದುಕಿದ್ದರು. ವೈದ್ಯರು ಕೈ ತೊಳೆಯದೆ ಗಾಯದೊಳಗೆ ಬೆರಳು ಹಾಕಿ ಗುಂಡು ಹುಡುಕಿದ್ದೇ ಅವರಿಗೆ ಮುಳುವಾಯಿತು. ಅವರನ್ನು ಮುಗಿಸಿದ್ದು ಶಾಪಕ್ಕಿಂತ ಜಾಸ್ತಿ ಆ ಬೆರಳುಗಳು.

ನಮ್ಮ ಲೆಕ್ಕ ಇನ್ನೂ ಸಲೀಸು

ನಮ್ಮಲ್ಲಿ ಇಪ್ಪತ್ತು ವರ್ಷ ಕಾಯುವ ತಾಳ್ಮೆ ಇಲ್ಲ. 2018ನ್ನೇ ತೆಗೆದುಕೊಳ್ಳಿ. ಜುಲೈ 27ರ ರಾತ್ರಿ ಈ ಶತಮಾನದ ಅತಿ ದೀರ್ಘ ಪೂರ್ಣ ಚಂದ್ರಗ್ರಹಣ. ಆಗಸ್ಟ್ 7ರಂದು ಕರುಣಾನಿಧಿ ತೀರಿಕೊಂಡರು. 13ರಂದು ಸೋಮನಾಥ ಚಟರ್ಜಿ. 16ರಂದು ಅಟಲ್ ಬಿಹಾರಿ ವಾಜಪೇಯಿ. ಹತ್ತು ದಿನದಲ್ಲಿ ಮೂವರು. ಅದೇ ವಾರ ಕೊಡಗಿನಲ್ಲಿ ಗುಡ್ಡ ಕುಸಿತ, ಕೇರಳದಲ್ಲಿ ಪ್ರವಾಹ. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ?

ಈಗ ವಯಸ್ಸು ನೋಡಿ. ಕರುಣಾನಿಧಿಯವರಿಗೆ 94, ವಾಜಪೇಯಿಯವರಿಗೆ 93, ಚಟರ್ಜಿಯವರಿಗೆ 89. ಮೂವರ ಆರೋಗ್ಯವೂ ಮೊದಲೇ ಕೆಟ್ಟಿತ್ತು. ವಾಜಪೇಯಿ ವರ್ಷಗಳಿಂದ ಹೊರಗೆ ಕಾಣಿಸಿಕೊಂಡಿರಲಿಲ್ಲ.

ಗ್ರಹಣದ ಲೆಕ್ಕ ಮಾಡೋಣ. ವರ್ಷಕ್ಕೆ ಕಡಿಮೆ ಅಂದರೂ ನಾಲ್ಕು ಗ್ರಹಣ. ಅವು ಆರು ತಿಂಗಳ ಅಂತರದಲ್ಲಿ ಜೋಡಿಯಾಗಿ ಬರುತ್ತವೆ, ಸೂರ್ಯನದ್ದೊಂದು ಚಂದ್ರನದ್ದೊಂದು, ಮಧ್ಯೆ ಹದಿನೈದು ದಿನ. ಗ್ರಹಣದ ಫಲ ಒಂದು ಮಂಡಲ, ಅಂದರೆ 48 ದಿನ, ಇರುತ್ತದೆ ಎಂದು ಇಟ್ಟುಕೊಂಡರೆ ಒಂದು ಜೋಡಿಗೆ 63 ದಿನ. ಎರಡು ಜೋಡಿಗೆ 126. ವರ್ಷದ ಮೂರನೇ ಒಂದು ಭಾಗ ಗ್ರಹಣದ ನೆರಳಲ್ಲೇ ಕಳೆಯಿತು. ಈ ಅವಧಿಯಲ್ಲಿ ಯಾರೊಬ್ಬ ದೊಡ್ಡವರಿಗೂ ಏನೂ ಆಗಬಾರದು ಅಂದರೆ ಅದೇ ಪವಾಡ.

ವರ್ಷದ ಭವಿಷ್ಯ ಹೇಳುವವರ ಲೆಕ್ಕವೂ ಹೀಗೆಯೇ. ಯುಗಾದಿಗೋ ಬಿಸುವಿಗೋ ಪಂಚಾಂಗ ತೆರೆದರೆ ಈ ವರ್ಷಕ್ಕೆ ಯಾವ ಗ್ರಹ ರಾಜ, ಯಾವುದು ಮಂತ್ರಿ, ಯಾವುದು ಸೇನಾಧಿಪತಿ ಎಂದು ಇರುತ್ತದೆ. ಅದರ ಮೇಲೆ ಟೀವಿಯಲ್ಲಿ ಬರುವ ಮಾತು: "ಈ ವರ್ಷ ಗಣ್ಯರೊಬ್ಬರನ್ನು ಕಳೆದುಕೊಳ್ಳುತ್ತೇವೆ." ಎಪ್ಪತ್ತು ದಾಟಿದ ಇಪ್ಪತ್ತು ಗಣ್ಯರ ಹೆಸರು ಬರೆದುಕೊಳ್ಳಿ. ಆ ವಯಸ್ಸಿನಲ್ಲಿ ವರ್ಷಕ್ಕೆ ನೂರಕ್ಕೆ ಐದು ಮಂದಿ ತೀರಿಕೊಳ್ಳುತ್ತಾರೆ ಎಂದು ಸುಮ್ನೆ ಹಿಡಿಯಿರಿ. ಇಪ್ಪತ್ತರಲ್ಲಿ ಒಬ್ಬರಾದರೂ ಆ ವರ್ಷ ಹೋಗುವ ಸಾಧ್ಯತೆ ನೂರಕ್ಕೆ 64. ಪಟ್ಟಿಯನ್ನು ನೂರಕ್ಕೆ ಏರಿಸಿದರೆ ನೂರಕ್ಕೆ 99ಕ್ಕೂ ಮೇಲೆ. ಹೆಸರು ಹೇಳದ, ತಾರೀಕು ಹೇಳದ ಭವಿಷ್ಯ ತಪ್ಪುವುದು ಹೇಗೆ? ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಚುನಾವಣೆ ಬಂದಾಗಲೆಲ್ಲ ಜ್ಯೋತಿಷಿಗಳಿಗೆ ನಗದು ಬಹುಮಾನದ ಸವಾಲು ಹಾಕುವುದು ಇದಕ್ಕೇ. ಯಾರು ಗೆಲ್ಲುತ್ತಾರೆ, ಎಷ್ಟು ಸ್ಥಾನ ಬರುತ್ತದೆ ಎಂದು ಮೊದಲೇ ಬರೆದು ಕೊಡಿ ಅನ್ನುತ್ತಾರೆ. ಅಂಕಿ ಕೇಳಿದಲ್ಲಿ ಗ್ರಹಗಳು ಮೌನ.

ನಮ್ಮ ನಂಬಿಕೆಗಳ ಇನ್ನೊಂದು ಗುಣ ಅಂದರೆ ಎರಡೂ ಕಡೆಗೆ ಮಾತು ರೆಡಿ ಇರುವುದು. ಬದುಕಿದ್ದವರ ಫೋಟೋಗೆ ಹಾರ ಹಾಕಬಾರದು, ಹಾಕಿದರೆ ಆಯುಷ್ಯ ಮುಗಿಯುತ್ತದೆ ಎನ್ನುತ್ತೇವೆ. 2015ರ ಜುಲೈಯಲ್ಲಿ ಜಾರ್ಖಂಡ್‌ನ ಶಿಕ್ಷಣ ಸಚಿವೆಯೊಬ್ಬರು ಶಾಲಾ ಕಾರ್ಯಕ್ರಮದಲ್ಲಿ ಅಬ್ದುಲ್ ಕಲಾಂ ಅವರ ಫೋಟೋಗೆ ಹಾರ ಹಾಕಿದರು. ದೇಶವೆಲ್ಲ ನಕ್ಕಿತು. ಕೆಲವೇ ದಿನಗಳಲ್ಲಿ, ಜುಲೈ 27ರಂದು, ಕಲಾಂ ಶಿಲ್ಲಾಂಗ್‌ನಲ್ಲಿ ಉಪನ್ಯಾಸ ಕೊಡುತ್ತಲೇ ಕುಸಿದು ತೀರಿಕೊಂಡರು. ನಕ್ಕವರಲ್ಲೂ ಹಲವರು ಗಪ್‌ಚಿಪ್ ಆದರು.

ಇದಕ್ಕೆ ಸರಿಯಾಗಿ ತಿರುಗಾಮುರುಗಾ ನಂಬಿಕೆಯೂ ಉಂಟು. ಸತ್ತರೆಂದು ಸುಳ್ಳು ಸುದ್ದಿ ಹಬ್ಬಿದರೆ ಆಯುಷ್ಯ ಜಾಸ್ತಿಯಾಗುತ್ತದಂತೆ. ಮೈಮೇಲೆ ಕಾಗೆ ಮುಟ್ಟಿದರೆ ನೆಂಟರಿಗೆ ಬೇಕಂತಲೇ ಸಾವಿನ ಸುದ್ದಿ ಕಳಿಸಿ, ಅವರು ಅತ್ತ ಮೇಲೆ ನಿಜ ಹೇಳುವ ಪದ್ಧತಿ ಹಿಂದೆ ಹಳ್ಳಿಗಳಲ್ಲಿತ್ತು. ಇದರ ದೊಡ್ಡ ಪರೀಕ್ಷೆ ನಡೆದದ್ದು ಲೋಕಸಭೆಯಲ್ಲೇ. 1979ರ ಮಾರ್ಚ್ 22ರಂದು ಜಯಪ್ರಕಾಶ ನಾರಾಯಣ್ ನಿಧನರಾದರೆಂದು ಪ್ರಧಾನಿ ಮೊರಾರ್ಜಿ ದೇಸಾಯಿ ಸದನಕ್ಕೆ ತಿಳಿಸಿದರು. ಸದನ ಶ್ರದ್ಧಾಂಜಲಿ ಸಲ್ಲಿಸಿತು. ಜೆಪಿ ಆಗ ಮುಂಬೈಯ ಜಸ್ಲೋಕ್ ಆಸ್ಪತ್ರೆಯಲ್ಲಿ ಬದುಕಿದ್ದರು. ಪ್ರಧಾನಿಯೇ ಹೇಳಿದ, ಸಂಸತ್ತೇ ಅತ್ತ ಸುಳ್ಳು ಸಾವಿಗೆ ಎಷ್ಟು ಆಯುಷ್ಯ ಸಿಗಬೇಕಿತ್ತು? ಜೆಪಿ ತೀರಿಕೊಂಡಿದ್ದು ಅದೇ ವರ್ಷದ ಅಕ್ಟೋಬರ್ 8ರಂದು. ಏಳು ತಿಂಗಳೂ ಆಗಲಿಲ್ಲ.

ಕಾಗೆಯ ಮಾತು ಬಂತು. 2016ರ ಜೂನ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕಾರಿನ ಮೇಲೆ ಕಾಗೆ ಕೂತು ಏಳದೇ ಹೋಯಿತು. ಚಾನೆಲ್‌ಗಳಲ್ಲಿ ಶನಿಯ ಚರ್ಚೆ. ಸ್ವಲ್ಪ ದಿನದಲ್ಲಿ ಹೊಸ ಕಾರು ಬಂದಾಗ ಚರ್ಚೆ ಇನ್ನೊಂದು ಸುತ್ತು. ಅದರ ಜೊತೆ, ಚಾಮರಾಜನಗರಕ್ಕೆ ಹೋದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ಹಳೆಯ ನಂಬಿಕೆ. ಸಿದ್ದರಾಮಯ್ಯ ಅಲ್ಲಿಗೆ ಹಲವು ಬಾರಿ ಹೋದರು. 2013ರಿಂದ 2018ರವರೆಗೆ ಐದು ವರ್ಷ ಪೂರ್ತಿ ಮುಗಿಸಿದರು. ಆ ನಂಬಿಕೆ ಅದರಿಂದ ಸತ್ತಿತಾ? ಇಲ್ಲ. ಬಸವರಾಜ ಬೊಮ್ಮಾಯಿ 2022ರಲ್ಲಿ ಹೋದರು, 2023ರಲ್ಲಿ ಅವರ ಪಕ್ಷ ಸೋತು ಕುರ್ಚಿ ಹೋಯಿತು. ಸಾಕಲ್ಲ.

ಸಣ್ಣದು ಅಂದದ್ದೆಲ್ಲ ಸಣ್ಣದಲ್ಲ

ಇಷ್ಟು ಓದಿ, ಹಾಗಾದ್ರೆ ನಾಯಕರ ತಲೆಸುತ್ತು, ಜಾರಿ ಬಿದ್ದಿದ್ದು ಎಲ್ಲ ಕ್ಷುಲ್ಲಕ ಅಂದುಕೊಂಡರೆ ಅದೂ ತಪ್ಪು. ಇದಕ್ಕೆ ನಮ್ಮ ಕರಾವಳಿಯಲ್ಲೇ ನೋವಿನ ಉದಾಹರಣೆ ಉಂಟು.

2021ರ ಜುಲೈ. ಉಡುಪಿಯ ಆಸ್ಕರ್ ಫೆರ್ನಾಂಡಿಸ್, ಕೇಂದ್ರದಲ್ಲಿ ಸಚಿವರಾಗಿದ್ದವರು, 80 ವರ್ಷ, ಮನೆಯಲ್ಲಿ ಯೋಗ ಮಾಡುವಾಗ ಬಿದ್ದರು. ಬಿದ್ದಾಗ ದೊಡ್ಡದೇನೂ ಅನಿಸಿರಲಿಲ್ಲ. ಆಸ್ಪತ್ರೆಯಲ್ಲಿ ತಪಾಸಣೆಯ ಹೊತ್ತಿಗೆ ಮಿದುಳಿನ ಭಾಗದಲ್ಲಿ ರಕ್ತ ಹೆಪ್ಪುಗಟ್ಟಿದ್ದು ಗೊತ್ತಾಯಿತು. ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಸೆಪ್ಟೆಂಬರ್ 13ರಂದು ತೀರಿಕೊಂಡರು.

ವಯಸ್ಸಾದವರ ತಲೆಪೆಟ್ಟು ಬೇರೆ ರೀತಿ. ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗುತ್ತದೆ. ಮಿದುಳಿಗೂ ಅದರ ಹೊದಿಕೆಗೂ ನಡುವಿನ ಸಣ್ಣ ರಕ್ತನಾಳಗಳು ಎಳೆದಂತಾಗಿ ನಿಂತಿರುತ್ತವೆ. ಸಣ್ಣ ಪೆಟ್ಟಿಗೂ ಹರಿಯುತ್ತವೆ. ರಕ್ತ ನಿಧಾನಕ್ಕೆ ಜಿನುಗುತ್ತದೆ. ಒಳಗೆ ಜಾಗ ಇರುವುದರಿಂದ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ತಲೆನೋವು, ನಡಿಗೆ ವಾಲುವುದು, ಮಾತು ಗೊಂದಲ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ ಅಪಾಯ ಇನ್ನೂ ಜಾಸ್ತಿ. ಹಿರಿಯರು ಬಿದ್ದು ತಲೆಗೆ ತಾಗಿದರೆ, "ಏನೂ ಆಗ್ಲಿಲ್ಲ, ಬಿಡು" ಅಂದರೂ ಒಮ್ಮೆ ತೋರಿಸುವುದು ಒಳ್ಳೆಯದು.

ಉಡುಪಿಯ ಇನ್ನೊಬ್ಬ ನಾಯಕ, ಸ್ವತಃ ವೈದ್ಯರಾಗಿದ್ದ ಡಾ. ವಿ. ಎಸ್. ಆಚಾರ್ಯ, 2012ರ ಫೆಬ್ರವರಿ 14ರಂದು ಬೆಂಗಳೂರಿನ ಕಾಲೇಜೊಂದರ ಕಾರ್ಯಕ್ರಮದಲ್ಲಿ ಕುಸಿದುಬಿದ್ದು ತೀರಿಕೊಂಡರು. ಆಗ ಅವರು ಉನ್ನತ ಶಿಕ್ಷಣ ಸಚಿವರು. ಬೆಳಿಗ್ಗೆಯಿಂದ ರಾತ್ರಿವರೆಗೆ ಕಾರ್ಯಕ್ರಮ, ಹೊತ್ತಲ್ಲದ ಹೊತ್ತಿಗೆ ಊಟ, ಕಾರಿನಲ್ಲೇ ನಿದ್ದೆ. ನಮ್ಮ ಹೆಚ್ಚಿನ ರಾಜಕಾರಣಿಗಳ ದಿನಚರಿ ಇದು. ಇದನ್ನು ನೋಡಲು ಜಾತಕ ಬೇಡ.

ಆದರೂ ಜಾತಕ ಬರುತ್ತದೆ. ಯಾಕೆಂದು ತಿಳಿಯಲು ನಮ್ಮ ಮನೆಗಳನ್ನೇ ನೋಡಬೇಕು. ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಶುರುವಾಗಿದ್ದು 1953ರಲ್ಲಿ. ಇವತ್ತು ಉಡುಪಿ, ಮಂಗಳೂರಿನಷ್ಟು ಆಸ್ಪತ್ರೆ ಇರುವ ಊರು ಕಡಿಮೆ. ಅದೇ ಊರಲ್ಲಿ ಮನೆಯಲ್ಲೊಬ್ಬರು ಹಾಸಿಗೆ ಹಿಡಿದರೆ ಸ್ಕ್ಯಾನಿಂಗಿಗೆ ಕೊಟ್ಟು, ಇನ್ನೊಂದು ಕಡೆ ಜ್ಯೋತಿಷಿಯ ಬಳಿ ಪ್ರಶ್ನೆಯನ್ನೂ ಇಡಿಸುತ್ತೇವೆ. ನಾಗನ ಬನ ಸರಿ ಇಲ್ಲವಾ, ದೈವಕ್ಕೆ ಹೇಳಿದ ಹರಕೆ ಬಾಕಿ ಉಂಟಾ, ಪಂಚಕದಲ್ಲಿ ಸತ್ತವರ ದೋಷವಾ ಎಂದು ಕೇಳುತ್ತೇವೆ. ಡಾಕ್ಟರು ಹೇಳುವುದು ಕಾಯಿಲೆ ಹೇಗೆ ಬಂತು ಎಂದು. ನಮಗೇ ಯಾಕೆ ಬಂತು, ಈಗಲೇ ಯಾಕೆ ಬಂತು ಎಂಬುದಕ್ಕೆ ಅವರಲ್ಲಿ ಉತ್ತರ ಇಲ್ಲ. ಜ್ಯೋತಿಷಿಯ ಬಳಿ ಉಂಟು. ಅದರಲ್ಲೂ ಡಾಕ್ಟರು ಗಡಿಬಿಡಿಯಲ್ಲಿದ್ದು ಏನೂ ಬಿಡಿಸಿ ಹೇಳದಿದ್ದರೆ, ಜ್ಯೋತಿಷಿ ಅರ್ಧ ಗಂಟೆ ಕೂರಿಸಿ ಮಾತಾಡಿಸಿದರೆ, ಮನಸ್ಸು ಎಲ್ಲಿ ನಿಲ್ಲುತ್ತದೆ?

ನಾಯಕರ ವಿಷಯದಲ್ಲಿ ಡಾಕ್ಟರ ಮಾತೇ ಹೊರಗೆ ಬರುವುದಿಲ್ಲ. ಬಂದರೂ "ಆರೋಗ್ಯ ಸ್ಥಿರ" ಎಂಬ ಎರಡು ಪದ. ಉಳಿದ ಜಾಗವನ್ನು ವಾಟ್ಸಾಪ್ ತುಂಬುತ್ತದೆ. ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ನಾಯಕರ ಒಂದೇ ಫೋಟೋ ಇರುತ್ತದೆ. ಹುಟ್ಟುಹಬ್ಬಕ್ಕಾದರೆ ಹಿಂದೆ ಕೇಸರಿಯೋ ನೀಲಿಯೋ ಬಣ್ಣ, ಶ್ರದ್ಧಾಂಜಲಿಗಾದರೆ ಕಪ್ಪು ಬಣ್ಣ, ಮೂಲೆಯಲ್ಲಿ ದೀಪ. ಬದಲಾಯಿಸಲು ಎರಡು ನಿಮಿಷ ಬೇಡ. ಈಗ ಆ ಕೆಲಸ ಪ್ರತಿ ಫೋನಿನಲ್ಲೂ ಆಗುತ್ತದೆ. ಒಬ್ಬರು ಆಸ್ಪತ್ರೆ ಸೇರಿದ ಸಂಜೆಯೇ ದೀಪದ ಚಿತ್ರ ಓಡಾಡಲು ಶುರು. "ಪೋಯೆರ್‌ಗೆ (ತುಳುವಿನಲ್ಲಿ, ಹೋದರಂತೆ), ಹೌದಾ?" ಎಂದು ಫೋನ್ ಮೇಲೆ ಫೋನ್.

ಅಮೆರಿಕದಲ್ಲೂ 2025ರ ಆಗಸ್ಟ್ ಕೊನೆಗೆ ಇದೇ ಆಯಿತು. ಟ್ರಂಪ್ ಅವರ ಕಾಲಿನ ರಕ್ತನಾಳದಲ್ಲಿ ದೀರ್ಘಕಾಲದ ತೊಂದರೆ ಇದೆ ಎಂದು ಶ್ವೇತಭವನ ಜುಲೈಯಲ್ಲಿ ಹೇಳಿತ್ತು. ಕೈಮೇಲಿನ ನೀಲಿ ಕಲೆಗೆ ಕೈಕುಲುಕುವುದು ಮತ್ತು ಆಸ್ಪಿರಿನ್ ಕಾರಣ ಎಂದಿತ್ತು. ನಂತರ ಅವರು ಒಂದೆರಡು ದಿನ ಕಾಣಲಿಲ್ಲ, ಅಷ್ಟಕ್ಕೆ ಸಾವಿನ ಸುದ್ದಿ ಜಗತ್ತು ಸುತ್ತಿತು. ಗಾಲ್ಫ್ ಆಡಲು ಹೋದ ಫೋಟೋ ಬಂದರೂ ಹಲವರು ನಂಬಲಿಲ್ಲ.

ಮುಚ್ಚಿಟ್ಟರೆ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಜಯಲಲಿತಾ ಪ್ರಕರಣವೇ ಸಾಕು. 2016ರ ಸೆಪ್ಟೆಂಬರ್ 22ರಂದು ಜ್ವರ, ಮೈಯಲ್ಲಿ ನೀರಿನಂಶ ಕಡಿಮೆ ಎಂದು ಚೆನ್ನೈ ಆಸ್ಪತ್ರೆಗೆ ಸೇರಿದರು. 75 ದಿನ ಅಲ್ಲೇ ಇದ್ದರು. ಆ ದಿನಗಳಲ್ಲಿ ಜನರಿಗೆ ಒಂದು ಫೋಟೋ ಕೂಡ ಸಿಗಲಿಲ್ಲ. ವದಂತಿ ಹರಡಿದರೆಂದು ಪೊಲೀಸರು ಕೆಲವರನ್ನು ಬಂಧಿಸಿದರು. ಡಿಸೆಂಬರ್ 5ರ ಸಂಜೆ ಪಕ್ಷದ ಕಚೇರಿಯಲ್ಲಿ ಬಾವುಟ ಅರ್ಧಕ್ಕೆ ಇಳಿಯಿತು. ಆಸ್ಪತ್ರೆ ಅಲ್ಲಗಳೆಯಿತು, ಬಾವುಟ ಮತ್ತೆ ಏರಿತು. ಆ ರಾತ್ರಿಯೇ ಅವರು ತೀರಿಕೊಂಡರು. ಆಮೇಲೆ ತನಿಖಾ ಆಯೋಗ ಬಂತು. ಅದರ ವರದಿ ಬಂದಿದ್ದು 2022ರಲ್ಲಿ. ಇವತ್ತಿಗೂ ಆ ಸಾವಿನ ಬಗ್ಗೆ ಎಲ್ಲರೂ ಒಪ್ಪುವ ಒಂದು ಕಥೆ ಇಲ್ಲ.

ಅಪಶಕುನ ರಾಜಕೀಯಕ್ಕೆ ಇಳಿಯುವುದು ಇಂಥ ಕತ್ತಲಲ್ಲೇ. 2019ರ ಆಗಸ್ಟ್‌ನಲ್ಲಿ ಸುಷ್ಮಾ ಸ್ವರಾಜ್, ಅರುಣ್ ಜೇಟ್ಲಿ ತೀರಿಕೊಂಡಾಗ, ವಿರೋಧಿಗಳು ಮಾರಕ ಶಕ್ತಿ ಪ್ರಯೋಗಿಸಿದ್ದಾರೆ ಎಂಬಂತೆ ಸಂಸದೆ ಪ್ರಜ್ಞಾ ಸಿಂಗ್ ಠಾಕೂರ್ ಭೋಪಾಲದಲ್ಲಿ ಹೇಳಿದರು. ಕರ್ನಾಟಕದಲ್ಲಿ 2011ರ ಜನವರಿಯಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ ತಮ್ಮ ಮೇಲೆ ಮಾಟಮಂತ್ರ ನಡೆದಿದೆ ಎಂದರು. 2024ರ ಮೇ ಕೊನೆಗೆ ಉಪಮುಖ್ಯಮಂತ್ರಿ ಡಿ. ಕೆ. ಶಿವಕುಮಾರ್, ಕೇರಳದ ದೇವಸ್ಥಾನವೊಂದರ ಆಸುಪಾಸಿನಲ್ಲಿ ತಮ್ಮ ಮತ್ತು ಸಿದ್ದರಾಮಯ್ಯನವರ ವಿರುದ್ಧ ಪ್ರಾಣಿಬಲಿ ಕೊಟ್ಟು ಶತ್ರು ಸಂಹಾರದ ಯಾಗ ನಡೆಯುತ್ತಿದೆ ಎಂದು ಆರೋಪಿಸಿದರು. ಮಂಗಳೂರಿನಿಂದ ಕಾಸರಗೋಡು, ಪಯ್ಯನ್ನೂರು ದಾಟಿದರೆ ಸಿಗುವ ತಳಿಪರಂಬದ ರಾಜರಾಜೇಶ್ವರ ದೇವಸ್ಥಾನದ ಹೆಸರು ಬಂತು. ಅಂಥದ್ದು ಇಲ್ಲಿ ನಡೆಯುವುದಿಲ್ಲ ಎಂದು ದೇವಸ್ಥಾನದವರು ಹೇಳಿದರು, ಕೇರಳ ಸರ್ಕಾರವೂ ಅಲ್ಲಗಳೆಯಿತು. ಮೂರು ಪ್ರಕರಣದಲ್ಲಿ ಎರಡು ಪಕ್ಷ. ಇದರಲ್ಲಿ ಮಾತ್ರ ಪಕ್ಷಭೇದ ಇಲ್ಲ. ಕರ್ನಾಟಕದಲ್ಲಿ ಮೌಢ್ಯ ಮತ್ತು ವಾಮಾಚಾರ ತಡೆಯುವ 2017ರ ಕಾಯ್ದೆ ಇದೆ, 2020ರ ಜನವರಿಯಲ್ಲಿ ಜಾರಿಯಾಯಿತು. ನಿಂಬೆಹಣ್ಣಿನ ಭಯ ಹೋಗಿಸುವ ಕಲಂ ಅದರಲ್ಲಿಲ್ಲ.

ತೆರೆದಿಟ್ಟಾಗ ಏನಾಗುತ್ತದೆ? ಪ್ರೆಟ್ಜೆಲ್ ತಿಂದು ಬಿದ್ದ ಅದೇ ಬುಷ್, 2002ರ ಜೂನ್ 29ರಂದು ಕರುಳಿನ ತಪಾಸಣೆಗೆ ನಿದ್ದೆ ಬರಿಸುವ ಮದ್ದು ತೆಗೆದುಕೊಳ್ಳುವ ಮೊದಲು ತಮ್ಮ ಅಧಿಕಾರವನ್ನು ಉಪಾಧ್ಯಕ್ಷ ಡಿಕ್ ಚೇನಿಗೆ ಪತ್ರ ಬರೆದು ವಹಿಸಿದರು. ಸುಮಾರು ಎರಡು ಗಂಟೆ. ಎದ್ದು ವಾಪಸ್ ಪಡೆದರು. ಅದಕ್ಕೆ ಅವರ ಸಂವಿಧಾನದ 25ನೇ ತಿದ್ದುಪಡಿಯಲ್ಲಿ ದಾರಿ ಉಂಟು. ನಮ್ಮಲ್ಲಿ ಮನಮೋಹನ್ ಸಿಂಗ್ 2009ರ ಜನವರಿ 24ರಂದು ದೆಹಲಿಯ ಎಐಐಎಂಎಸ್ (ಏಮ್ಸ್) ಆಸ್ಪತ್ರೆಯಲ್ಲಿ ಹೃದಯದ ಬೈಪಾಸ್ ಮಾಡಿಸಿಕೊಂಡರು. ಪ್ರಧಾನಿಗೆ ಎದೆ ತೆರೆದ ಆಪರೇಷನ್, ಎದುರಿಗೆ ಲೋಕಸಭಾ ಚುನಾವಣೆ. ಆದರೂ ಯಾವ ಆಪರೇಷನ್, ಎಲ್ಲಿ, ಯಾವ ದಿನ, ಆ ದಿನಗಳಲ್ಲಿ ಪ್ರಣಬ್ ಮುಖರ್ಜಿ ಏನು ನೋಡಿಕೊಳ್ಳುತ್ತಾರೆ ಎಂಬುದು ಜನರಿಗೆ ಗೊತ್ತಿತ್ತು. ಪೇಸ್‌ಮೇಕರ್‌ಗೆ ಹೋಲಿಸಿದರೆ ಅದು ಎಷ್ಟೋ ಪಾಲು ದೊಡ್ಡ ಕಾಯಿಲೆ. ಗ್ರಹಣದ ಮಾತು ಮಾತ್ರ ಆಗ ಅಷ್ಟಾಗಿ ಕೇಳಲಿಲ್ಲ.

ಆದರೆ ಅದು ಆ ಸರ್ಕಾರದ ನಡವಳಿಕೆ. ನಿಯಮ ಅಲ್ಲ. ಪ್ರಧಾನಿ ಎಚ್ಚರ ತಪ್ಪಿದರೆ ಯಾರು ನೋಡಿಕೊಳ್ಳಬೇಕು ಎಂದು ನಮ್ಮ ಸಂವಿಧಾನ ಹೇಳುವುದಿಲ್ಲ. ರಾಷ್ಟ್ರಪತಿಯವರಿಗೆ ಆ ವ್ಯವಸ್ಥೆ ಉಂಟು, ಉಪರಾಷ್ಟ್ರಪತಿ ನೋಡಿಕೊಳ್ಳುತ್ತಾರೆ. 1964ರ ಜನವರಿಯಲ್ಲಿ ಭುವನೇಶ್ವರದ ಅಧಿವೇಶನದಲ್ಲಿ ನೆಹರೂ ಅವರಿಗೆ ಪಾರ್ಶ್ವವಾಯು ಹೊಡೆಯಿತು, ಮೇ 27ರಂದು ತೀರಿಕೊಂಡರು. 1966ರ ಜನವರಿ 11ರಂದು ಶಾಸ್ತ್ರಿ ತಾಷ್ಕೆಂಟ್‌ನಲ್ಲಿ. ಎರಡು ಬಾರಿಯೂ ಗುಲ್ಜಾರಿಲಾಲ್ ನಂದಾ ಹದಿಮೂರು ಹದಿಮೂರು ದಿನ ಕುರ್ಚಿ ಕಾಯ್ದರು. ಶಾಸ್ತ್ರಿಯವರ ಸಾವಿನ ಬಗ್ಗೆ ಅನುಮಾನ ಇವತ್ತಿಗೂ ನಿಂತಿಲ್ಲ. ಮಾಹಿತಿ ಪೂರ್ತಿ ಬಿಚ್ಚಿಡಲಿಲ್ಲ ಎಂಬುದೇ ಆ ಅನುಮಾನದ ಬಂಡವಾಳ.

ಕಾಯಿಲೆಯ ಎಲ್ಲ ವಿವರ ಊರಿಗೆ ಹೇಳಬೇಕು ಎಂದು ನಾನು ಹೇಳುತ್ತಿಲ್ಲ. ನಾಯಕರಿಗೂ ಖಾಸಗಿತನ ಇರಲಿ. ಆದರೆ ಏನಾಯಿತು, ಯಾವ ಚಿಕಿತ್ಸೆ, ಎಷ್ಟು ದಿನ ಕೆಲಸಕ್ಕೆ ಬರುವುದಿಲ್ಲ, ಅಲ್ಲಿಯವರೆಗೆ ಕಡತಕ್ಕೆ ಸಹಿ ಯಾರದ್ದು ಎಂಬಿಷ್ಟನ್ನು ಚಿಕಿತ್ಸೆ ಕೊಡುವ ವೈದ್ಯರ ಹೆಸರಿನಲ್ಲೇ ದಿನಕ್ಕೊಮ್ಮೆ ಹೇಳಬಹುದು, ಅಲ್ವಾ? ಪಕ್ಷದ ವಕ್ತಾರರು ಹೇಳಿದ್ದನ್ನು ನಂಬುವ ಕಾಲ ಹೋಯಿತು. 2025ರ ಜುಲೈ 21ರ ರಾತ್ರಿ ಉಪರಾಷ್ಟ್ರಪತಿ ಜಗದೀಪ್ ಧನ್ಕರ್ ಆರೋಗ್ಯದ ಕಾರಣ ಕೊಟ್ಟು ರಾಜೀನಾಮೆ ಕೊಟ್ಟರು. ಮಾರ್ಚ್‌ನಲ್ಲಷ್ಟೇ ಎದೆನೋವಿಗೆ ಎಐಐಎಂಎಸ್ ಸೇರಿದ್ದವರು. ಆದರೂ ಆ ಕಾರಣ ನಿಜ ಎಂದು ಮಾತಾಡಿಕೊಂಡವರು ಕಡಿಮೆ.

ಸಿದ್ದರಾಮಯ್ಯ 2025ರ ಮಾರ್ಚ್‌ನಲ್ಲಿ ಮಂಡಿನೋವಿಗೆ ವಿಧಾನಸೌಧಕ್ಕೆ ಗಾಲಿಕುರ್ಚಿಯಲ್ಲೇ ಬಂದರು, ಕೂತುಕೊಂಡೇ ಬಜೆಟ್ ಓದಿದರು. ಕಾಲು ಕಣ್ಣೆದುರೇ ಇತ್ತು. ಆ ವಾರ ನಮ್ಮ ಹೋಟೆಲಿನ ಮಾತೆಲ್ಲ ಬಜೆಟ್ಟಿನಲ್ಲಿ ಕರಾವಳಿಗೆ ಏನು ಸಿಕ್ಕಿತು ಎಂಬುದರ ಬಗ್ಗೆಯೇ.